ಜೇಬಿನ ಅಳತೆ

ನಮ್ಮ ಅಂಗಡಿಗೆ ಹೆಂಗಸೊಬ್ಬಳು ಕಾಲಿಟ್ಟರೆ ನನ್ನ ಭಾವ ಬರ್ಲ್ ತಲೆಯನ್ನೂ ಎತ್ತದೆ, "ವಿಲ್ಲಾ, ನಿನ್ನ ಗಿರಾಕಿ" ಎನ್ನುತ್ತಾನೆ. ಅಂಗಡಿ ಅವನದು. ಬೇಟೆಯ ಬಂದೂಕುಗಳೆಲ್ಲ ಅವನ ಕಡೆ. ಕೌಂಟರಿನ ಎಡತುದಿ ನನ್ನದು. ನಮ್ಮೂರು ಬ್ರಷ್ ಫೋರ್ಕಿನ ಹೆಂಗಸರಿಗೆ ಜೇಬಿನಲ್ಲಿಟ್ಟುಕೊಳ್ಳುವಂಥ ಸಣ್ಣ ಪಿಸ್ತೂಲು ಆರಿಸಿಕೊಡುತ್ತ ಅಲ್ಲಿ ಹದಿನಾರು ವರ್ಷ ನಿಂತಿದ್ದೇನೆ.

ಏತಕ್ಕೆ ಬೇಕು ಎಂದು ಕೇಳಿದರೆ ಮುಕ್ಕಾಲು ಜನ "ಹಾವಿಗೆ" ಎನ್ನುತ್ತಾರೆ. ಕೆಂಟಕಿಯ ಈ ಗುಡ್ಡಗಳಲ್ಲಿ ಹಾವಿಲ್ಲವೆಂದಲ್ಲ. ಆದರೆ ಹಾವುಗಳೆಲ್ಲ ಬಿಲ ಸೇರಿರುವ ಡಿಸೆಂಬರಿನಲ್ಲೂ ಹಾವು ಎನ್ನುತ್ತಾರೆ. ನಾನು ಎರಡನೆಯ ಸಲ ಕೇಳುವುದಿಲ್ಲ.

ದಿನಾ ಕೆಲಸಕ್ಕೆ ಏನು ಹಾಕಿಕೊಂಡು ಹೋಗುತ್ತೀರೋ ಅದರಲ್ಲೇ ಬನ್ನಿ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಡ್ರಾಯರಿನಲ್ಲಿ ನೀಲಿ ರಬ್ಬರಿನ ಸುಳ್ಳು ಪಿಸ್ತೂಲುಗಳಿವೆ, ನಿಜವಾದವುಗಳದೇ ಅಳತೆ. ಅದನ್ನು ಜೇಬಿಗೆ ಹಾಕಿಸಿ ಕೂರಿಸುತ್ತೇನೆ, ಬಗ್ಗಿಸುತ್ತೇನೆ, ಮದ್ದುಗುಂಡಿನ ಪೆಟ್ಟಿಗೆಯೊಂದನ್ನು ನೆಲದಿಂದ ಎತ್ತಿಸುತ್ತೇನೆ. ಆ ಜೇಬಿನಲ್ಲಿ ಬೇರೇನೂ ಇರಬಾರದು, ಬೀಗದ ಕೈ ಬೇಡ, ಚಿಲ್ಲರೆ ಬೇಡ, ಮೂಗೊರೆಸುವ ಕಾಗದವೂ ಬೇಡ ಎನ್ನುತ್ತೇನೆ. ಹೆಂಗಸರ ಪ್ಯಾಂಟಿನ ಜೇಬಿಗೆ ನಾಲ್ಕು ಬೆರಳು ಹೋಗುವುದೇ ಕಷ್ಟ. ಹೊಲಿಯುವವರು ನಮ್ಮ ಬಳಿ ಮುಚ್ಚಿಡುವಂಥದ್ದೇನೂ ಇರುವುದಿಲ್ಲ ಎಂದುಕೊಂಡಿರಬೇಕು. ಹಾಗಾಗಿ ಕೆಲವರು ಗಂಡಸರ ಪ್ಯಾಂಟು ಕೊಳ್ಳುತ್ತಾರೆ, ಕೆಲವರು ಕೋಟಿನ ಒಳಗೆ ತಾವೇ ಜೇಬು ಹೊಲಿದುಕೊಳ್ಳುತ್ತಾರೆ. ಎಷ್ಟೋ ಜನಕ್ಕೆ, ಇನ್ನೊಬ್ಬರು ಕೈ ಹಾಕದ ಜಾಗ ಎಂದರೆ ಬದುಕಿನಲ್ಲಿ ಅದೇ ಮೊದಲನೆಯದು. ಮನೆಯಲ್ಲಿ ಅವರ ಚೀಲದೊಳಗೆ ಎಲ್ಲರೂ ಕೈ ಹಾಕುತ್ತಾರೆ.

ಮಾರ್ಲಾ ಟ್ಯಾಕೆಟ್ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ, ಗಂಡನ ಹಿಂದೆ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಅವಳನ್ನು ನಾನು ಮುಖಪರಿಚಯದಿಂದ ಬಲ್ಲೆ. ಗಂಡ ರೋಡ್ನಿಯನ್ನು ನೋಡಿದ್ದು ಅಂದೇ ಮೊದಲು. ಶುಭ್ರವಾದ ಶರ್ಟು, ಬಾಯಿತುಂಬ ನಗು.

"ನನ್ನ ಹೆಂಡ್ತಿಗೊಂದು ಬೇಕಿತ್ತು ಮೇಡಂ. ಚಿಕ್ಕದು. ಜೇಬಲ್ಲಿಟ್ರೆ ಯಾರಿಗೂ ಗೊತ್ತಾಗ್ಬಾರ್ದು."

"ಹಾವಿಗಾ?" ಎಂದು ಅವಳನ್ನು ಕೇಳಿದೆ.

ಅವಳು ಗಂಡನ ಮುಖ ನೋಡಿದಳು.

"ಹೂಂ, ಹಾವಿಗೇ. ಎರಡು ಕಾಲಿನ ಹಾವು," ಎಂದು ಅವನು ನಕ್ಕ.

ಬಟ್ಟೆ ಹಾಸಿ ಎರಡನ್ನು ಇಟ್ಟೆ. ಒಂದು ಐದು ಗುಂಡಿನ ಗಿಡ್ಡ ರಿವಾಲ್ವರ್, ಇನ್ನೊಂದು ಅಂಗೈ ಅಗಲದ ಚಪ್ಪಟೆ ಪಿಸ್ತೂಲು. ಅವಳ ಕಡೆಗೇ ತಿರುಗಿಸಿಟ್ಟಿದ್ದೆ. ಕೈ ಹಾಕಿದ್ದು ಅವನು.

"ಹಗುರ ಇದ್ದಷ್ಟೂ ಹಾರಿಸಿದಾಗ ಜಾಸ್ತಿ ಒದೆಯುತ್ತೆ ಕಣಮ್ಮಾ," ಎಂದು ನಾನು ಅವಳಿಗೇ ಹೇಳಿದೆ. "ನೀನು ಹಿಡಿದು ನೋಡು."

ಅವಳು ರಿವಾಲ್ವರನ್ನು ಬಿಸಿ ಪಾತ್ರೆಯ ಮುಚ್ಚಳದಂತೆ ಹಿಡಿದಳು. ಅದರ ಟ್ರಿಗರನ್ನು ಎಳೆಯಲು ತೋರುಬೆರಳಿಗೆ ಶಕ್ತಿ ಸಾಲಲಿಲ್ಲ. ಆ ಬೆರಳು ನಡುಗಂಟಿನಲ್ಲಿ ಸರಿಯಾಗಿ ಮಡಚುತ್ತಲೂ ಇರಲಿಲ್ಲ. ಚಪ್ಪಟೆಯದರ ಮೇಲುಭಾಗವನ್ನು ಹಿಂದಕ್ಕೆಳೆದು ಗುಂಡು ಏರಿಸಲು ಮೂರು ಸಲ ನೋಡಿದಳು. ಆಗಲಿಲ್ಲ. ಇಂಥವರಿಗೆಂದೇ ಹಗುರವಾಗಿ ಎಳೆಯಬಹುದಾದ ಬೇರೊಂದಿದೆ. ಅದನ್ನು ತೆಗೆಯಲು ಬಗ್ಗಿದೆ.

"ಅದೆಲ್ಲ ಬೇಡ, ಅಭ್ಯಾಸ ಆಗುತ್ತೆ ಅವ್ಳಿಗೆ," ಎಂದ ರೋಡ್ನಿ.

ನಾನು ತಲೆಯೆತ್ತುವಷ್ಟರಲ್ಲಿ ಅವನು ಚಪ್ಪಟೆ ಪಿಸ್ತೂಲನ್ನು ತನ್ನ ಜೀನ್ಸಿನ ಮುಂಜೇಬಿಗೆ ಇಳಿಸಿದ್ದ. ಹೊರಗೆಳೆದ, ಮತ್ತೆ ಇಳಿಸಿದ. ಶರ್ಟನ್ನು ಅದರ ಮೇಲೆ ಎಳೆದುಕೊಂಡು ಕನ್ನಡಿಯ ಮುಂದೆ ಆ ಬದಿ ಈ ಬದಿ ತಿರುಗಿದ. ಹೊಸ ಕೋಟು ಕೊಳ್ಳುವವರು ಹಾಗೆ ತಿರುಗುತ್ತಾರೆ.

"ಇದೇ ಇರ್ಲಿ. ಎಷ್ಟು ಚೆನ್ನಾಗಿ ಕೂತ್ಕೊಂಡ್ತು ನೋಡಿ!"

"ಅವಳ ಜೇಬಲ್ಲೂ ನೋಡೋಣ," ಎಂದು ನೀಲಿ ರಬ್ಬರಿನದನ್ನು ಮಾರ್ಲಾಳಿಗೆ ಕೊಟ್ಟೆ. ಅವಳು ಹಾಕಿದ್ದ ಪ್ಯಾಂಟಿಗೆ ಜೇಬೇ ಇರಲಿಲ್ಲ. ಅದು ನನಗೂ ಕಾಣುತ್ತಿತ್ತು. ಆದರೂ ಕಾದೆ.

"ಅವ್ಳಿಗೆ ಜೇಬೆಲ್ಲಿದೆ? ಅವ್ಳದ್ದೆಲ್ಲ ನನ್ನ ಜೇಬಲ್ಲೇ!" ರೋಡ್ನಿ ಗಟ್ಟಿಯಾಗಿ ನಕ್ಕ. ಆ ತುದಿಯಿಂದ ಬರ್ಲ್ ಕೂಡ ನಕ್ಕ. ಗಿರಾಕಿ ನಕ್ಕರೆ ನಗುವುದು ಅವನ ರೂಢಿ.

"ಹಾಗಾದ್ರೆ ನಿಮ್ಮ ಹೆಸರಲ್ಲೇ ಬರೆಯೋಣ್ವಾ? ಇಷ್ಟ ಆಗಿದ್ದು ನಿಮಗೆ ತಾನೇ?"

"ಅಯ್ಯೋ, ಅವ್ಳ ಹೆಸರಲ್ಲೇ ಇರ್ಲಿ. ನನ್ನ ಹೆಸರು ಹಾಕಿದ್ರೆ ನಿಮ್ಮ ಕಂಪ್ಯೂಟರ್ ತಕರಾರು ಮಾಡುತ್ತೆ." ಹಲ್ಲುನೋವಿನ ವಿಷಯ ಹೇಳುವವನಂತೆ ಹೇಳಿದ.

ಅವನು ಯಾವ ಬಗೆಯವನೆಂದು ಆಗ ಸ್ಪಷ್ಟವಾಯಿತು. ಮಾರುವ ಮೊದಲು ಕೊಳ್ಳುವವರ ಹೆಸರನ್ನು ಕಂಪ್ಯೂಟರಿನಲ್ಲಿ ಸರ್ಕಾರಕ್ಕೆ ಕಳಿಸಿ, ಹಳೆಯ ಶಿಕ್ಷೆಯೇನಾದರೂ ಇದೆಯೇ ಎಂದು ಕೇಳಬೇಕು. ಹೆಂಡತಿಯ ಮೇಲೆ ಕೈ ಮಾಡಿ ಶಿಕ್ಷೆಯಾದವನಿಗೆ ನಾವು ಮಾರುವಂತಿಲ್ಲ. ಅವನಿಗಾಗಿ ಬೇರೊಬ್ಬರು ಕೊಳ್ಳುವಂತೆಯೂ ಇಲ್ಲ. ಇದು ನಿಮಗಾಗಿಯೇ ಕೊಳ್ಳುತ್ತಿದ್ದೀರಾ ಎಂದು ಸರ್ಕಾರದ ಫಾರಂ ಕೇಳುತ್ತದೆ. ಮಾರ್ಲಾ ದುಂಡಗಿನ ಅಕ್ಷರಗಳಲ್ಲಿ ಹೆಸರು, ವಿಳಾಸ, ಫೋನ್ ನಂಬರು ತುಂಬಿ, ಹೌದೆಂದು ಗುರುತು ಹಾಕಿ ಸಹಿ ಮಾಡಿದಳು.

"ಪಿಸ್ತೂಲಿನ ಚರ್ಮದ ಚೀಲಕ್ಕೆ ಸೊಂಟದ ಅಳತೆ ಬೇಕು, ಒಳಗೆ ಬಾ," ಎಂದು ಅವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. "ಬೇಗ," ಎಂದ ರೋಡ್ನಿ, ಅವಳಿಗೆ.

ಬಾಗಿಲು ಮುಚ್ಚಿದೆ. "ಯಾರಿಗೆ ಇದು, ಮಾರ್ಲಾ?"

"ನಂಗೇ."

"ಹದಿನಾರು ವರ್ಷದಿಂದ ಇಲ್ಲಿದ್ದೀನಿ ಕಣೇ."

ಅವಳು ಅಳಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡಳು. "ಕೊಟ್ಬಿಡಿ ಅಕ್ಕಾ, ದಮ್ಮಯ್ಯ. ನೀವು ಇಲ್ಲ ಅಂದ್ರೆ ನಾನೇ ಮುಖದಲ್ಲಿ ಏನೋ ತೋರಿಸ್ದೆ ಅಂತಾರೆ. ಮುಖ ಸರಿಯಾಗಿಟ್ಕೋ ಅಂತ ದಾರಿಯೆಲ್ಲ ಹೇಳ್ಕೊಂಡು ಬಂದ್ರು."

"ಅದು ಒಂದಲ್ಲ ಒಂದು ದಿನ ನಿನ್ನ ಕಡೆಗೇ ತಿರುಗುತ್ತೆ."

"ಗೊತ್ತು," ಎಂದಳು. "ಅದು ಯಾವತ್ತೋ. ಇದು ಇವತ್ತು."

ಮಾರಬಾರದೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಹೇಗೆ ಮಾರದಿರುವುದು ಎಂಬುದಷ್ಟೇ ಪ್ರಶ್ನೆ. ಮಾರುವುದಿಲ್ಲ ಎಂದು ಅವನೆದುರು ಹೇಳಿದರೆ ಅದರ ಬೆಲೆಯನ್ನು ಅವಳು ಮನೆಯಲ್ಲಿ ತೆರುತ್ತಾಳೆ. ಹೊರಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತು ಏನೇನೋ ಒತ್ತಿದಂತೆ ಮಾಡಿದೆ. ಯಾವ ಹೆಸರನ್ನೂ ಎಲ್ಲಿಗೂ ಕಳಿಸಲಿಲ್ಲ.

"ತಡ ಅಂತ ಬಂತು," ಎಂದೆ. "ಸರ್ಕಾರದ್ದು. ಮೂರು ಕೆಲಸದ ದಿನ ಕಾಯ್ಬೇಕು. ಗುರುವಾರ ಬನ್ನಿ."

ರೋಡ್ನಿ ವಾಷಿಂಗ್ಟನ್ನಿನವರನ್ನು ಅಮ್ಮ ಅಕ್ಕ ಸೇರಿಸಿ ಬೈದ. ಬರ್ಲ್ ಕೌಂಟರು ದಾಟಿ ಬಂದು ತಾನೂ ಬೈದ. ಇಬ್ಬರೂ ಐದು ನಿಮಿಷ ಸರ್ಕಾರದ ಚರ್ಮ ಸುಲಿದರು. ಅಷ್ಟು ಹೊತ್ತೂ ರೋಡ್ನಿ ಹೆಂಡತಿಯ ಕಡೆ ನೋಡಲಿಲ್ಲ. ಅವಳ ಹೆಗಲು ನಿಧಾನವಾಗಿ ಕೆಳಗಿಳಿಯುವುದನ್ನು ನಾನು ಕಂಡೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಅದನ್ನು ಈಗ ಒಪ್ಪಿಕೊಳ್ಳಬೇಕು.

ನಮ್ಮ ಕಡೆ ಒಂದು ಪದ್ಧತಿಯಿದೆ. ಇಂಥ ಗಿರಾಕಿಯನ್ನು ಒಬ್ಬರು ವಾಪಸು ಕಳಿಸಿದರೆ ಕೂಡಲೇ ಸುತ್ತಲಿನ ಅಂಗಡಿಗಳಿಗೆ ಫೋನ್ ಮಾಡಿ ಹೇಳುತ್ತೇವೆ. ಹ್ಯಾಡ್ಲಿಯಲ್ಲಿ ಎರಡು ಅಂಗಡಿಗಳಿವೆ, ಅರ್ಧ ಗಂಟೆಯ ದಾರಿ. ನಾನು ಮಾಡಲಿಲ್ಲ. ಫೋನ್ ಮಾಡಿದರೆ ಹೆಸರು ಹೇಳಬೇಕು. ಹೆಸರು ಶೆರಿಫ್ ಕಚೇರಿಯ ಪೊಲೀಸರಿಗೆ ತಲುಪುತ್ತದೆ. ಸುಳ್ಳು ಸಹಿ ಹಾಕಿದ್ದು ಮಾರ್ಲಾ, ಹಿಡಿಯುವುದಾದರೆ ಮೊದಲು ಅವಳನ್ನು. ಇನ್ನೊಂದು ಕಾರಣವೂ ಇತ್ತು. ತಡವಾಯಿತೆಂದು ಬೈದುಕೊಂಡು ಹೋದ ಒಬ್ಬ ಗಿರಾಕಿಯೂ ಇಷ್ಟು ವರ್ಷಗಳಲ್ಲಿ ನಾಲ್ಕನೆಯ ದಿನ ಬಾರದೆ ಇದ್ದದ್ದಿಲ್ಲ. ಇಲ್ಲಿಯ ಜನ ಚರ್ಚು ಬದಲಾಯಿಸುವುದಿಲ್ಲ, ಬಂದೂಕಿನ ಅಂಗಡಿಯನ್ನೂ ಬದಲಾಯಿಸುವುದಿಲ್ಲ. ಗುರುವಾರದವರೆಗೆ ಸಮಯ ಸಿಕ್ಕಿತು, ಸೋಮವಾರ ಶಾಲೆಯ ಅಡುಗೆಮನೆಗೆ ಹೋಗಿ ಅವಳೊಬ್ಬಳನ್ನೇ ಮಾತಾಡಿಸೋಣ ಎಂದುಕೊಂಡೆ. ನನ್ನ ತಂಗಿಯ ಮನೆಯಲ್ಲಿ ಒಂದು ಕೋಣೆ ಖಾಲಿಯಿತ್ತು. ಅಲ್ಲಿಯವರೆಗೂ ಲೆಕ್ಕ ಹಾಕಿದ್ದೆ.

ಸೋಮವಾರ ಅವಳು ಕೆಲಸಕ್ಕೆ ಬಂದಿರಲಿಲ್ಲ. "ಜ್ವರವಂತೆ," ಎಂದಳು ಪಾತ್ರೆ ತೊಳೆಯುತ್ತಿದ್ದ ಹೆಂಗಸು, ನನ್ನ ಮುಖ ನೋಡದೆ. ಮಂಗಳವಾರವೂ ಜ್ವರ. ಅಂಗಡಿಗೆ ಬಂದು ಫಾರಂ ತೆಗೆದು, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ರೋಡ್ನಿ.

"ಓ, ಮೇಡಂ! ಬೇಡ ಬಿಡಿ, ಅವತ್ತೇ ಹ್ಯಾಡ್ಲಿಯಲ್ಲಿ ಸಿಕ್ಬಿಡ್ತು. ಅದೇ ಥರದ್ದು, ಹತ್ತೇ ನಿಮಿಷ. ನಿಮ್ಮ ಕಂಪ್ಯೂಟರನ್ನ ಯಾರಿಗಾದ್ರೂ ತೋರಿಸಿ."

"ಮಾರ್ಲಾಗೆ ಕೊಡಿ ಸ್ವಲ್ಪ. ಅಳತೆ ತಗೊಂಡಿದ್ದೆ, ಅದರ ಚರ್ಮದ ಚೀಲದ ವಿಷಯ."

ಅವಳ ಉಸಿರು ಕೇಳಿಸಿತು. ಅವನ ಉಸಿರೂ ಹತ್ತಿರದಲ್ಲೇ ಇತ್ತು.

"ಹೌದು ಅಥವಾ ಇಲ್ಲ, ಅಷ್ಟೇ ಹೇಳು," ಎಂದು ಪಿಸುಗುಟ್ಟಿದೆ. "ನಾನು ಬರ್ಲಾ?"

"ಚೀಲ..." ಎಂದಳು. ಮಾತು ತೊದಲಿತು, ತುಟಿ ಊದಿದವರ ಮಾತಿನಂತೆ. "ಚೀಲ ಬೇಕು. ನಾನೇ ಬಂದು ತಗೊಂಡ್ಹೋಗ್ತೀನಿ, ಗುರುವಾರ..."

"ಎಲ್ಲಿಗೆ ಹೋಗ್ತೀಯಾ?" ಎಂದಿತು ಹಿಂದಿನ ದನಿ. ಕೋಪವೇ ಇರಲಿಲ್ಲ ಅದರಲ್ಲಿ.

"ಎಲ್ಲಿಗೂ ಇಲ್ಲ. ಬೇಡ್ವಂತೆ ಮೇಡಂ. ಎಲ್ಲಾ ಚೆನ್ನಾಗಿದೆ, ಥ್ಯಾಂಕ್ಸ್."

ಫೋನ್ ಇಟ್ಟಳು.

ಬರ್ಲ್‌ಗೆ ಎಲ್ಲವನ್ನೂ ಹೇಳಿದೆ. ಅವನು ಟೋಪಿ ತೆಗೆದು ಕೌಂಟರಿನ ಮೇಲಿಟ್ಟ. "ಅವನ ಜೊತೆ ಸೇರ್ಕೊಂಡು ನಕ್ಕೆನಲ್ಲ ನಾನು," ಎಂದ. ಆಮೇಲೆ, "ಅವತ್ತೇ ಹ್ಯಾಡ್ಲಿಗೆ ಫೋನ್ ಮಾಡ್ಬೇಕಿತ್ತು ನೀನು, ವಿಲ್ಲಾ."

"ಹೌದು," ಎಂದೆ.

ಶೆರಿಫ್ ಕಚೇರಿಯಲ್ಲಿ ಫೋನ್ ಎತ್ತಿದ್ದು ಸ್ಟಾಂಪರ್ ಎಂಬ ಡೆಪ್ಯುಟಿ. ರೋಡ್ನಿಯ ಹೆಸರು ಹೇಳುತ್ತಲೇ, "ಹೂಂ, ಗೊತ್ತು ಅವನು," ಎಂದ. ಶುಕ್ರವಾರದ್ದನ್ನೂ ಈಗ ಫೋನಿನಲ್ಲಿ ಕೇಳಿದ್ದನ್ನೂ ಹೇಳಿದೆ. ತಡವೆಂದು ನಾನು ಹೇಳಿದ ಸುಳ್ಳನ್ನೂ ಹೇಳಿದೆ. ಅವನು ಬರೆದುಕೊಳ್ಳುತ್ತಿದ್ದ.

"ನಿಮ್ಮ ಫಾರಂನಲ್ಲಿ ಸಹಿ ಯಾರ್ದು?"

"ಅವಳದು."

"ಹ್ಯಾಡ್ಲಿಯಲ್ಲೂ ಅವಳದೇ ಇರ್ಬೇಕಲ್ಲ." ಪೆನ್ನಿನ ಸದ್ದು ನಿಂತಿತು. "ಅಂದ್ರೆ ಕಾಗದದ ಪ್ರಕಾರ ತಪ್ಪು ಮಾಡಿದ್ದು ಇಬ್ಬರೂ. ಅವನನ್ನ ಕರ್ಕೊಂಡು ಬಂದ್ರೆ ಅವಳನ್ನೂ ಕರ್ಕೊಂಡು ಬರ್ಬೇಕಾಗುತ್ತೆ. ಗೊತ್ತಿದೆಯಲ್ಲ ನಿಮಗೆ?"

"ಗೊತ್ತು."

"ಹೇಳಿ ಹಾಗಾದ್ರೆ, ವಿಳಾಸ."

ಆ ದುಂಡಗಿನ ಅಕ್ಷರಗಳನ್ನು ಕನ್ನಡಕ ಸರಿಮಾಡಿಕೊಂಡು ಒಂದೊಂದಾಗಿ ಓದಿದೆ. ಮನೆ ನಂಬರನ್ನು ಎರಡು ಸಲ ಹೇಳಿದೆ.