ಕಿವಿಯ ಹಿಂದಿನ ನೊರೆ

ಪೇಂಟು, ಹೊಸ ಪೇಂಟಿನ ವಾಸನೆ, ಬಳಿದು ಹೆಚ್ಚು ದಿನವಾಗಿರಲಿಕ್ಕಿಲ್ಲ, ಏನನ್ನು ಮುಚ್ಚಲಿಕ್ಕೆ ಇಷ್ಟು ದಪ್ಪಕ್ಕೆ ಬಳಿದರೋ, ಎಂದು ಅಪ್ಪಿ ಮ್ಯೂಸಿಯಮ್ ಮಾಡಿದ ಹಳೇ ಸಬ್‌ಮರೀನಿನ ಏಣಿ ಇಳಿಯುತ್ತಲೇ ಮೂಗರಳಿಸಿದಳು, ಹಾಲನ್ನೂ ಮೂಸದೆ ಒಲೆಗಿಡದ ಹೆಂಗಸು, ಮ್ಯೂಸಿಯಮ್ಮಿನವರನ್ನು ಸುಮ್ಮನೆ ನಂಬುತ್ತಾಳೆಯೇ — ಹೊರಗೆ ಕಟ್ಟಿ ನಿಲ್ಲಿಸಿದ ಯುದ್ಧದ ಹಡಗೂ ಹಾಗೇ, ಮದುವೆ ಚಪ್ಪರದಂತೆ ಬಾವುಟ, ಫಿರಂಗಿಯ ಬಾಯಿಗೆ ಮುಚ್ಚಳ, ಒಳಗೆ ಏನಿದೆಯೋ ಯಾರು ಕಂಡರು — ಆದರೆ ಪೇಂಟಿನ ಅಡಿಯಿಂದ ಈಗ ಇನ್ನೊಂದು ವಾಸನೆ ಏಳುತ್ತಿದೆ, ಡೀಸೆಲ್, ಅಯ್ಯೋ, ಇದು ಅದೇ, ಗಂಡ ದೇವಾನಂದ ನೇವಿಯಲ್ಲಿದ್ದಾಗ ಇಂಥದೇ ಬೋಟಿನಿಂದ ಮುಂಬಯಿ ಚೆಂಬೂರಿನ ಚಾಳಿನ ಕೋಣೆಗೆ ಹೊತ್ತು ತರುತ್ತಿದ್ದ ವಾಸನೆ, ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಬಟ್ಟೆ ಬಿಚ್ಚಿಸಿ ಸೋಡಾ ಕರಗಿಸಿದ ಬಕೆಟ್ಟಿಗೆ ಮುಳುಗಿಸಿ, ಹಂಡೆ ಬಿಸಿನೀರು ಮೈಗೆ ಹೊಯ್ದರೂ ರಾತ್ರಿಗೆ ದಿಂಬಿಗೆ ಹತ್ತುತ್ತಿದ್ದ ಹಾಳು ವಾಸನೆ, ಸ್ನಾನ ಎಲ್ಲಿಂದ ಮಗಾ, ತಿಂಗಳಿಡೀ ಇಲ್ಲ, ಎನ್ನುತ್ತಿದ್ದಾರೆ ಮುಂದೆ ನಡೆಯುವ ದೇವಾನಂದ, ಅಜ್ಜಿಯ ಕೈ ಹಿಡಿದ ಮೊಮ್ಮಗಳು ಪ್ರಣೀತಾಳತ್ತ ತಿರುಗಿ, ಕುಡಿಯುವ ನೀರಿಗೇ ತತ್ವಾರ, ದಡಕ್ಕೆ ಬಂದು ಎಷ್ಟು ಸಾಬೂನು ತಿಕ್ಕಿದ್ರೂ ಒಂದು ವಾರ ಡೀಸೆಲ್ ವಾಸನೆ ಹೋಗ್ತಿರ್ಲಿಲ್ಲ, ನಿನ್ನ ಅಜ್ಜಿಯನ್ನೇ ಕೇಳು, ಛೀ ಅಜ್ಜ, ಸಚ್ಚಿ, ನಿಜಾನಾ? ಅಜ್ಜಿ, ನಿಂಗೆ ಸ್ಮೆಲ್ ಬರ್ತಿತ್ತಾ? — ಬರುತ್ತಿತ್ತು, ಪ್ರತಿ ಸಲ ಬರುತ್ತಿತ್ತು, ಒಂದು ಸಲ ಬಿಟ್ಟು.

ಒಂದು ಸಲ ಬಿಟ್ಟು, ಸುಹಾಸನಿಗೆ ಜ್ವರ ಏರಿದ ಸಲ, ಚೊಚ್ಚಲ ಕೂಸು, ತಿಂಗಳ ಮಟ್ಟಿಗೆ ನೀರಡಿಗೆ ಹೋಗ್ತೇನೆ ಎಂದು ಹೇಳಿ ಹೋದ ಗಂಡನಿಗೆ ಸಮುದ್ರದ ತಳಕ್ಕೆ ಯಾರು ಹೋಗಿ ಹೇಳಿಯಾರು, ಒಬ್ಬಳೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಓಡಿದಳು, ಬರಿಗೈಯಲ್ಲಿ ಮರಳಿದಳು, ಚಾಳಿನವರು ಕೂಸನ್ನು ಹೂತು ಬಂದ ಮರುದಿನ ದೇವಾನಂದ ಬರುತ್ತಾರೆ, ಜೆಟ್ಟಿಯಿಂದ ನೇರ ಬಂದದ್ದು ಮಾರಾಯ್ತಿ, ನಂಗೆ ಹೇಗೆ ಗೊತ್ತಾಗ್ಬೇಕು, ಎಂದು ಖಾಲಿ ತೊಟ್ಟಿಲ ಮೇಲೆ ಬಗ್ಗಿ ಅಳುತ್ತಾರೆ, ಅವಳ ಕಣ್ಣೆದುರಿಗೇ ಅವರ ಎಡಗಿವಿ, ಕಿವಿಯ ಹಿಂದೆ ಒಣಗಿ ಬಿಳಿ ಗೆರೆಯಾದ ಸಾಬೂನಿನ ನೊರೆ, ಗಂಧದ ಘಮ, ನಮ್ಮ ಮನೆಗೆ ಯಾವತ್ತು ಬಂದಿತ್ತು ಗಂಧದ ಸಾಬೂನು — ಅವತ್ತು ಬಾಗಿಲಲ್ಲಿ ನಿಲ್ಲಿಸಲಿಲ್ಲ, ಬಕೆಟ್ಟಿಗೆ ಸೋಡಾ ಹಾಕಲಿಲ್ಲ, ದಿಂಬಿಗೆ ಏನೂ ಹತ್ತಲಿಲ್ಲ, ದುಃಖಕ್ಕೆ ನನ್ನ ಮೂಗೇ ಕೆಟ್ಟಿದೆ, ಇರುವ ಡೀಸೆಲ್ ತಿಳಿಯುತ್ತಿಲ್ಲ, ಇಲ್ಲದ ಗಂಧ ಘಮಿಸುತ್ತಿದೆ, ಎಂದುಕೊಂಡಳು ಪೆದ್ದಿ, ಇಂಜೆಕ್ಷನ್ ಬದಲಾಯಿಸಿ ಕೊಂದಳೆಂದು ಇಷ್ಟು ವರ್ಷ ಆ ಆಸ್ಪತ್ರೆಯ ಬಡಪಾಯಿ ನರ್ಸಿಗೆ ಹಿಡಿಶಾಪ ಹಾಕಿದವಳು, ಮೀನಿನವಳ ತಕ್ಕಡಿಯನ್ನು, ಹಾಲಿನವನ ಕ್ಯಾನನ್ನು, ಊರನ್ನೆಲ್ಲ ಸಂಶಯಪಟ್ಟವಳು, ಇವರೊಬ್ಬರನ್ನು ಬಿಟ್ಟು.

ಜೆಟ್ಟಿಯಲ್ಲೇ ಮಿಂದು ಬಂದಿರಬಹುದಲ್ಲ, ಇರಬಹುದು, ಆದರೆ ಒಂದು ವಾರ, ಈಗ ತಾನೇ ಅವರ ಬಾಯಿಂದಲೇ ಬಂತು, ಒಂದು ವಾರ ತಿಕ್ಕಿದರೂ ಹೋಗದ ವಾಸನೆ ಅವತ್ತು ಎಲ್ಲಿ ಹೋಗಿತ್ತು, ಹಾಗಾದರೆ ದಡಕ್ಕೆ ಬಂದು ವಾರ ಕಳೆದಿತ್ತು, ಕೂಸಿನ ಮೈ ಕೆಂಡವಾಗುವಾಗ ಅದೇ ಮುಂಬಯಿಯಲ್ಲಿ ಇದ್ದರು, ಯಾರ ಮನೆಯ ಬಚ್ಚಲಲ್ಲಿ, ಯಾರ ಸಾಬೂನು, ಬೆನ್ನಿಗೆ ನೀರು ಹೊಯ್ದವಳು ಯಾರು, ಕೇಳಲೇ, ಇಲ್ಲೇ, ಈ ಮಗುವಿನ ಎದುರಿಗೇ, ತಲೆ ತಗ್ಗಿಸು ಅಪ್ಪೀ, ಕಬ್ಬಿಣ ತಾಗೀತು, ಎನ್ನುತ್ತ ದೇವಾನಂದ ಮುಂದಿನ ಕೋಣೆಯ ದುಂಡು ಬಾಗಿಲೊಳಗೆ ತಾವೇ ಮೊದಲು ಬಗ್ಗಿದರು, ನರೆತ ಕತ್ತು, ಎಡಗಿವಿ, ಬೆಳಿಗ್ಗೆ ಮಿಂದು ಬಂದ ಕಿವಿ, ಅದರ ಹಿಂದೆ ಸುಕ್ಕು ಬಿಟ್ಟರೆ ಏನೂ ಇಲ್ಲ, ಅಜ್ಜಿ ಚಲೋ ನಾ, ಎಂದು ಪ್ರಣೀತಾ ಕೈ ಎಳೆಯುತ್ತಾಳೆ, ತೊಟ್ಟಿಲು, ಬಗ್ಗಿದ ಕತ್ತು, ಕಿವಿಯ ಹಿಂದೆ ಒಣಗಿದ ನೊರೆ, ಬಿಳಿ ಗೆರೆ, ಕಿವಿಯ ಹಿಂದೆ ಒಣಗಿದ ನೊರೆ