ಬೇಗ ಬಿದ್ದ ಕಿಡಿ

ನಮ್ಮಪ್ಪನ ಕಿವಿ ಕೆಟ್ಟಿದೆ ಎಂದು ಊರಿಗೆಲ್ಲ ಸಾರಿದವಳು ನಾನೇ. ಬೇರೆ ಯಾರಾದರೂ ಸಾರಿದ್ದರೆ ಅವರ ಮನೆ ಮುಂದೆ ನಿಂತು ಜಗಳ ತೆಗೆಯುತ್ತಿದ್ದೆ. ನನಗೆ ಬಾಯಿ ಜೋರು, ಅದು ಎಲ್ಲರಿಗೂ ಗೊತ್ತು. ಆದರೆ ನನ್ನ ಜೊತೆ ನಾನೇ ಜಗಳ ತೆಗೆಯುವುದು ಹೇಗೆ ಎಂಬುದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಅಪ್ಪನದು ನಲವತ್ತು ವರ್ಷದ ಗ್ಯಾರೇಜು. ತಗಡಿನ ಮಾಡು, ಎರಡು ಗಾಡಿ ನಿಲ್ಲುವಷ್ಟು ಜಾಗ, ಗೋಡೆಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಗಿರಾಕಿಗಳ ಬಾಯಲ್ಲಿ ಅವನು ಮೇಸ್ತ್ರಿ. ಇಂಜಿನ್ನಿನ ಟೈಮಿಂಗ್ ಇಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಟೈಮಿಂಗ್ ಎಂದರೆ ಇಷ್ಟೇ: ಪಿಸ್ಟನ್ನು ಮೇಲೆ ಬಂದು ಪೆಟ್ರೋಲು ಬೆರೆತ ಗಾಳಿಯನ್ನು ಒತ್ತಿ ಹಿಡಿಯುವ ಹೊತ್ತಿಗೆ ಸರಿಯಾಗಿ ಪ್ಲಗ್ಗಿನಲ್ಲಿ ಕಿಡಿ ಬೀಳಬೇಕು. ತಡವಾಗಿ ಬಿದ್ದರೆ ಗಾಡಿ ಸೋಮಾರಿಯಾಗುತ್ತದೆ. ತೀರಾ ಬೇಗ ಬಿದ್ದರೆ, ಇನ್ನೂ ಮೇಲೆ ಬರುತ್ತಿರುವ ಪಿಸ್ಟನ್ನಿನ ತಲೆಯ ಮೇಲೆ ಬೆಂಕಿ ಗುದ್ದುತ್ತದೆ. ಹಾಗೆ ಗುದ್ದಿಸಿಕೊಂಡ ಪಿಸ್ಟನ್ನು ಹೆಚ್ಚು ದಿನ ಬಾಳುವುದಿಲ್ಲ. ಅಪ್ಪ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಾ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, "ಹಾಂ, ಇಲ್ಲಿಗೆ ಬಂತು" ಎನ್ನುತ್ತಿದ್ದ. ಆಮೇಲೆ ಯಾವ ಮೀಟರು ಹಿಡಿದು ನೋಡಿದರೂ ಅಲ್ಲಿಗೇ ಬಂದಿರುತ್ತಿತ್ತು.

ಎರಡು ವರ್ಷದ ಹಿಂದೆ ಅವನ ಕಿವಿ ಮಂದವಾಗತೊಡಗಿತು. ಅಮ್ಮ ಅಡುಗೆಮನೆಯಿಂದ ನಾಲ್ಕು ಸಲ ಕೂಗಿ, ಐದನೆಯ ಸಲ ಸೌಟು ಹಿಡಿದುಕೊಂಡು ಎದುರಿಗೇ ಬಂದು ನಿಂತರೆ, "ಏನು, ಕರೆದ್ಯಾ?" ಎನ್ನುತ್ತಿದ್ದ. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಒಂದು ಹಾಳೆಯಲ್ಲಿ ಗೀಟು ಎಳೆದು, ದಪ್ಪ ಸದ್ದುಗಳು ಕೇಳಿಸುತ್ತವೆ, ಸಣ್ಣ ಸದ್ದುಗಳು ಹೋಗಿವೆ, ಕಿವಿಯೊಳಗೆ ಸದಾ ಒಂದು ಗುಂಯ್ ಇರುತ್ತದೆ ಎಂದರು. ಅಪ್ಪ ಆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಸೀದಾ ಗ್ಯಾರೇಜಿಗೆ ಬಂದ. "ಮನುಷ್ಯರ ಮಾತು ಕೇಳಿಸ್ದಿದ್ರೆ ನಷ್ಟವೇನೇ? ಇಂಜಿನ್ ಕೇಳ್ಸುತ್ತಲ್ಲ, ಸಾಕು" ಎಂದು ನಕ್ಕ. ಅದೊಂದು ಹೋದರೆ ತಾನು ಯಾತಕ್ಕೂ ಬೇಡದವನು ಎಂದು ಅವನಿಗೆ ಆಗಲೇ ಅನ್ನಿಸಿತ್ತು. ನನಗೂ ಅದು ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಗಾಜಿನಂಗಡಿಯವನು ತನ್ನ ಹಳೆಯ ಪಿಕಪ್ ತಂದು ನಿಲ್ಲಿಸಿದ್ದು ಬೇಸಿಗೆಯಲ್ಲಿ. ಆರು ಸಿಲಿಂಡರಿನ ಮುದಿ ಇಂಜಿನ್ನು. ಹಿಂದೆ ಗಾಜಿನ ಹಲಗೆಗಳನ್ನು ಒರಗಿಸುವ ಕಬ್ಬಿಣದ ಚೌಕಟ್ಟು. ಅವನು ಕಾರ್ಬುರೇಟರಿನ ಮೇಲೆ ಸಿಟ್ಟಾಗಿ ಎಲ್ಲಿಂದಲೋ ಒಂದು ಇಂಜೆಕ್ಷನ್ ಕಿಟ್ ತರಿಸಿದ್ದ. ಪೆಟ್ರೋಲು ಚಿಮುಕಿಸುವ ಭಾಗ, ಒಂದು ಕಂಪ್ಯೂಟರ್ ಡಬ್ಬಿ, ಅಂಗೈಯಗಲದ ಪರದೆ. ಇನ್ನು ಮೇಲೆ ಕಿಡಿ ಯಾವಾಗ ಬೀಳಬೇಕೆಂದು ಆ ಡಬ್ಬಿಯೇ ತೀರ್ಮಾನಿಸುತ್ತದೆ.

"ಗಾಡಿ ಕೆಮ್ಮಿದ್ರೆ ನನ್ನ ಗಾಜು ಒಡೆಯುತ್ತೆ ಕಣಕ್ಕಾ. ಸರಿ ಮಾಡ್ಕೊಡು" ಎಂದ.

"ನೀನು ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡಣ್ಣ" ಎಂದೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನನ್ನ ಉತ್ಸಾಹವೂ ಅಂಥದ್ದೇ. ಕೈಪಿಡಿಯನ್ನು ಎರಡು ಸಲ ಓದಿದೆ. ವೈರುಗಳನ್ನು ಮಕ್ಕಳಿಗೆ ಜಡೆ ಹೆಣೆದಷ್ಟು ನೀಟಾಗಿ ಕಟ್ಟಿದೆ. ಡಬ್ಬಿಗೆ ಲೆಕ್ಕ ಕಲಿಸುವ ಕೆಲಸ ಒಂದೇ ಬಾಕಿಯಿತ್ತು: ಪರದೆಯಲ್ಲಿ ಕಿಡಿಯನ್ನು ಪಿಸ್ಟನ್ನು ತುದಿ ಮುಟ್ಟುವುದಕ್ಕೆ ಹದಿನೈದು ಡಿಗ್ರಿ ಮೊದಲಿಗೆ ಕಟ್ಟಿಹಾಕಬೇಕು, ಇಂಜಿನ್ನಿನ ಮುಂದಿನ ಪುಲ್ಲಿಯ ಮೇಲಿರುವ ಗುರುತಿಗೆ, ಕಿಡಿ ಬಿದ್ದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿಯಬೇಕು, ಅಲ್ಲೂ ಹದಿನೈದೇ ಕಾಣುವವರೆಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿ ಬಿಗಿಯಬೇಕು. ಗುರುತಿನ ಮೇಲೆ ಜಿಡ್ಡು ಕೂತಿತ್ತು. ಒರೆಸಿ, ಬಿಳಿ ಬಣ್ಣ ಹಚ್ಚಿ, ಲೈಟ್ ಹಿಡಿದೆ. ಹದಿನೈದು. ನೂಲು ಹಿಡಿದ ಹಾಗೆ ಹದಿನೈದು.

ಗಾಡಿ ಸ್ಟಾರ್ಟ್ ಆಯಿತು, ಆದರೆ ಸರಿಯಿರಲಿಲ್ಲ. ಬಿಸಿಯಾದ ಮೇಲೆ ಆರಿಸಿ ಮತ್ತೆ ಸ್ಟಾರ್ಟ್ ಮಾಡಹೋದರೆ ಇಂಜಿನ್ನು ಸ್ಟಾರ್ಟರಿಗೆ ಎದುರು ಒದೆಯುತ್ತಿತ್ತು. ಏರಿನಲ್ಲಿ ಎಳೆತವಿರಲಿಲ್ಲ, ಮುಗ್ಗರಿಸುತ್ತಿತ್ತು. ಬ್ಯಾಟರಿ ಬದಲಾಯಿಸಿದೆ. ಪ್ಲಗ್ಗುಗಳನ್ನು ಬದಲಾಯಿಸಿದೆ. ಕಿಡಿಗೆ ಕರೆಂಟು ಕೊಡುವ ಕಾಯಿಲಿನ ವೈರು ಸೆನ್ಸರ್ ವೈರಿನ ಪಕ್ಕದಲ್ಲಿದ್ದರೆ ಡಬ್ಬಿಗೆ ಗೊಂದಲವಾಗುತ್ತದೆ ಎಂದು ಕೈಪಿಡಿಯಲ್ಲಿತ್ತು. ಎರಡನ್ನೂ ಬೇರೆ ಬೇರೆ ಕಡೆಯಿಂದ ಎಳೆದೆ. ಅರ್ಥ್ ವೈರನ್ನು ಉಜ್ಜಿ ಹೊಳೆಯಿಸಿದೆ. ಒಂದು ವಾರ ಹೋಯಿತು. ಪ್ರತಿ ಸಲವೂ ಲೈಟ್ ಹಿಡಿದರೆ ಹದಿನೈದು. ಇಂಜಿನ್ನಿನ ವೇಗ ಹೆಚ್ಚಿಸಿದರೂ ಗುರುತು ಅಲುಗಾಡಲಿಲ್ಲ.

ಎಂಟನೆಯ ದಿನ ಅಪ್ಪನನ್ನೂ ಕೂರಿಸಿಕೊಂಡು ಸೇತುವೆಯ ಏರಿಗೆ ಗಾಡಿ ಬಿಟ್ಟೆ. ಹಿಂದಿನ ಚೌಕಟ್ಟು ಗಡಗಡ ಎನ್ನುತ್ತಿತ್ತು. ಅಪ್ಪ ಕಣ್ಣು ಮುಚ್ಚಿ ಕೂತಿದ್ದ.

"ಕಿಡಿ ಬೇಗ ಬೀಳ್ತಿದೆ ಕಣೆ" ಎಂದ.

"ಹದಿನೈದಿದೆಯಪ್ಪ. ನಾನೇ ನೋಡಿದೀನಿ."

"ಹದಿನೈದೋ ಐವತ್ತೋ ನಂಗೊತ್ತಿಲ್ಲ. ಆ ಗಡಗಡದ ಅಡೀಲಿ ಸಣ್ಣಗೆ ಕುಟ್ತಿದೆ ನೋಡು. ಟೈಮಿಂಗ್ ಹಿಂದಕ್ಕೆ ತಗೋ."

ನಾನು ಕಿವಿ ನಿಮಿರಿಸಿ ಕೇಳಿದೆ. ಚೌಕಟ್ಟಿನ ಸದ್ದು ಬಿಟ್ಟರೆ ನನಗೆ ಏನೂ ಕೇಳಿಸಲಿಲ್ಲ. ನಾಲ್ಕು ಬೋಲ್ಟು ಬಿಚ್ಚಿ ಆ ಚೌಕಟ್ಟನ್ನು ಕೆಳಗಿಳಿಸಿ ಇನ್ನೊಂದು ಸಲ ಕೇಳಬಹುದಿತ್ತು. ಅರ್ಧ ಗಂಟೆಯ ಕೆಲಸ. ಆದರೆ ಒಂದು ವಾರ ಸೋತವಳಿಗೆ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು?

ಗ್ಯಾರೇಜಿಗೆ ವಾಪಸು ಬಂದಾಗ ಗಾಜಿನವನು ಕಾಯುತ್ತಿದ್ದ. ಪಕ್ಕದಲ್ಲಿ ಇಬ್ಬರು ಟ್ಯಾಕ್ಸಿಯವರೂ ಇದ್ದರು. ಅಪ್ಪ ಇಳಿದವನೇ ಸ್ಪ್ಯಾನರ್ ತೆಗೆದುಕೊಂಡು ಡಿಸ್ಟ್ರಿಬ್ಯೂಟರಿಗೆ ಕೈ ಹಾಕಿದ.

"ಮುಟ್ಬೇಡ!" ಎಂದು ಕಿರುಚಿದೆ. "ಪರದೆ ಹದಿನೈದು ಅಂತಿದೆ, ಲೈಟು ಹದಿನೈದು ಅಂತಿದೆ. ಎರಡೆರಡು ಸಾಕ್ಷಿ ಇದೆ. ನೀನು ಒಬ್ಬ ಬೇಗ ಅಂತೀಯ."

"ನಂಗೆ ಕೇಳಿಸ್ತು ಕಣೆ."

"ನಿಂಗೆ ಕೇಳಿಸ್ತಿರೋದು ಇಂಜಿನ್ನಲ್ಲಪ್ಪ, ನಿನ್ನ ಕಿವಿ ಒಳಗಿನ ಸದ್ದು! ಡಾಕ್ಟ್ರು ಗೀಟು ಎಳ್ದು ತೋರಿಸ್ಲಿಲ್ವಾ? ಸಣ್ಣ ಸದ್ದು ನಿಂಗೆ ಕೇಳಿಸೋದೇ ಇಲ್ಲ. ಸುಮ್ನೆ ಒಂದು ಕಡೆ ಕೂತ್ಕೋ."

ಟ್ಯಾಕ್ಸಿಯವನೊಬ್ಬ ಕಿಸಕ್ಕೆಂದು ನಕ್ಕ. ಗಾಜಿನವನು ತಲೆ ತಗ್ಗಿಸಿದ. ಅಪ್ಪನಿಗೆ ಈ ಮಾತು ಮಾತ್ರ ಪೂರ್ತಿ ಕೇಳಿಸಿತ್ತು. ಸ್ಪ್ಯಾನರನ್ನು ಒರೆಸಿ, ಗೋಡೆಯಲ್ಲಿ ಅದರ ಮೊಳೆಗೇ ನೇತುಹಾಕಿ, ಸ್ಟೂಲಿನ ಮೇಲೆ ಹೋಗಿ ಕೂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಹೊತ್ತಿಗೆ ನನಗೆ ಗಾದೆಯೂ ನೆನಪಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಪೆಟ್ರೋಲಿನ ಪಾಲು ಕೊಂಚ ಹೆಚ್ಚಿಸಿದೆ, ಮುಗ್ಗರಿಸುವುದು ಅಷ್ಟಿಷ್ಟು ಕಡಿಮೆಯಾಯಿತು. ಗಾಡಿ ಕೊಟ್ಟು ಕಳಿಸಿದೆ.

ಮಾರನೆಯ ದಿನದಿಂದ ಅಪ್ಪ ಬದಲಾದ. ಮುನಿಸಿಕೊಂಡಿದ್ದರೆ ಚೆನ್ನಾಗಿತ್ತು, ಅವನ ಮುನಿಸನ್ನು ಮುರಿಯುವುದು ನನಗೆ ನೀರು ಕುಡಿದಷ್ಟು ಸುಲಭ. ಅವನು ಮುನಿಸಿಕೊಳ್ಳಲಿಲ್ಲ. ಡಬ್ಬಿಗಳಲ್ಲಿ ಕಲಸಿಹೋಗಿದ್ದ ಬೋಲ್ಟುಗಳನ್ನು ಅಳತೆ ಪ್ರಕಾರ ಬೇರ್ಪಡಿಸುತ್ತಾ ಕೂತ. ಹಳೆಯ ಗಿರಾಕಿ ಯಾರಾದರೂ ಬಂದು, "ಮೇಸ್ತ್ರಿ, ಸ್ವಲ್ಪ ಕೇಳಿ ನೋಡ್ರಿ" ಎಂದರೆ, "ಮಗಳನ್ನ ಕೇಳಿ. ಅವಳ ಹತ್ರ ಲೈಟಿದೆ" ಎನ್ನುತ್ತಿದ್ದ. ಕುಹಕವಿಲ್ಲದೆ ಹೇಳುತ್ತಿದ್ದ. ನಿಜ ಹೇಳಬೇಕೆಂದರೆ ಒಳಗೊಳಗೇ ನನಗೆ ಹಿತವಾಗಿತ್ತು. ಅಂತೂ ಗ್ಯಾರೇಜು ನನ್ನ ಕೈಗೆ ಬಂತು ಎಂದುಕೊಂಡೆ. ಥೂ ನನ್ನ ಜನ್ಮಕ್ಕಿಷ್ಟು!

ಮನೆಯಲ್ಲಿ ಅಮ್ಮ ಕೇಳಿದಳು: "ಏನಂದೆ ನಿಮ್ಮಪ್ಪಂಗೆ? ಏನು ಕೇಳಿದ್ರೂ ಹೂಂ ಅಂತಾರೆ. ಹಾಲು ಕೆಟ್ಟಿದೆಯಾ ಅಂದ್ರೂ ಹೂಂ, ಚೆನ್ನಾಗಿದೆಯಾ ಅಂದ್ರೂ ಹೂಂ. ನಲವತ್ತು ವರ್ಷ ಜಗಳ ಆಡ್ಕೊಂಡು ಬಂದೋಳಿಗೆ ಇದೇನಮ್ಮ ಶಿಕ್ಷೆ?"

"ವಯಸ್ಸಾಯ್ತಲ್ಲಮ್ಮ" ಎಂದು ನಾನು ತಟ್ಟೆ ತೊಳೆಯಲು ಎದ್ದೆ.

ಮೂರು ವಾರ ಕಳೆದ ಮೇಲೆ ಗಾಜಿನವನ ಪಿಕಪ್ಪನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಅದೇ ಸೇತುವೆಯ ಏರಿನಲ್ಲಿ ಢಂ ಎಂದು ನಿಂತುಹೋಗಿತ್ತು. "ಗಾಜು ಒಂದೂ ಒಡೀಲಿಲ್ಲ ಕಣಕ್ಕಾ, ಇಂಜಿನ್ ಒಡೀತು. ಉಲ್ಟಾ ಆಯ್ತು ನೋಡು" ಎಂದು ನಗಲು ನೋಡಿದ. ನನಗೆ ನಗು ಬರಲಿಲ್ಲ. ಇಂಜಿನ್ನಿನ ತಲೆ ಬಿಚ್ಚಿದೆ. ಮೂರನೆಯ ಪಿಸ್ಟನ್ನಿನ ಅಂಚು ಕಚ್ಚಿ ತೆಗೆದ ಬಿಸ್ಕತ್ತಿನ ಹಾಗೆ ಮುರಿದಿತ್ತು. ಉಳಿದವುಗಳ ನೆತ್ತಿಯೂ ಚುಕ್ಕೆಚುಕ್ಕೆಯಾಗಿ ಕುಳಿಬಿದ್ದಿತ್ತು. ಬೇಗ ಬಿದ್ದ ಕಿಡಿಯ ಪೆಟ್ಟು ಅದು. ಬೇರೆ ಯಾವುದೂ ಹಾಗೆ ಕಚ್ಚುವುದಿಲ್ಲ.

ಹದಿನೈದಿದ್ದರೆ ಇದು ಹೇಗೆ ಸಾಧ್ಯ? ಇಂಜಿನ್ನನ್ನು ಕೈಯಲ್ಲೇ ನಿಧಾನ ತಿರುಗಿಸಿದೆ. ತಲೆ ತೆರೆದಿದ್ದರಿಂದ ಮೊದಲನೆಯ ಪಿಸ್ಟನ್ನು ಮೇಲೇರುವುದು ಕಣ್ಣಿಗೇ ಕಾಣುತ್ತಿತ್ತು. ಅದು ತುತ್ತತುದಿಗೆ ಬಂದು ನಿಂತ ಮೇಲೆ ಬಗ್ಗಿ ಮುಂದಿನ ಪುಲ್ಲಿಯನ್ನು ನೋಡಿದೆ. ನಾನು ಬಿಳಿ ಬಳಿದಿದ್ದ ಗುರುತು ಆಗ ಪಕ್ಕದಲ್ಲಿ ಇಂಜಿನ್ನಿಗೆ ಕೂರಿಸಿದ ಸೊನ್ನೆಯ ಮುಳ್ಳಿನ ನೇರಕ್ಕಿರಬೇಕಿತ್ತು. ಅದು ಮುಳ್ಳನ್ನು ದಾಟಿ ಒಂದು ಬೆರಳಗಲ ಮುಂದೆ ಹೋಗಿತ್ತು.

ಆ ಪುಲ್ಲಿ ಒಂದೇ ತುಂಡಲ್ಲ. ಒಳಗೊಂದು ಕಬ್ಬಿಣ, ಹೊರಗೊಂದು ಕಬ್ಬಿಣದ ಬಳೆ, ನಡುವೆ ರಬ್ಬರು. ಗುರುತು ಇರುವುದು ಹೊರಗಿನ ಬಳೆಯ ಮೇಲೆ. ರಬ್ಬರಿಗೆ ವಯಸ್ಸಾಗಿ ಬಳೆ ಜಾರಿಬಿಟ್ಟಿತ್ತು. ಲೈಟು ನೋಡಿದ್ದು ಜಾರಿದ ಗುರುತನ್ನು, ನಾನು ಡಬ್ಬಿಗೆ ಕಲಿಸಿದ್ದೂ ಜಾರಿದ ಗುರುತನ್ನೇ. ನನ್ನ ಎರಡು ಸಾಕ್ಷಿಗಳಿಗೂ ಸುಳ್ಳು ಹೇಳಿಕೊಟ್ಟದ್ದು ಆ ಒಂದೇ ಗುರುತು. ಹದಿನೈದು ಎಂದು ನಾನು ಬಿಗಿದಿದ್ದು ನಿಜದಲ್ಲಿ ಇಪ್ಪತ್ತೈದರ ಮೇಲಿತ್ತು. ಮೊದಲನೆಯ ದಿನವೇ ಒಂದು ಪ್ಲಗ್ ಬಿಚ್ಚಿ ಪಿಸ್ಟನ್ನಿನ ತುದಿಯನ್ನೂ ಗುರುತನ್ನೂ ತಾಳೆ ನೋಡಿದ್ದರೆ ಸಾಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಪ್ಪನ ಕೈ ಹಿಡಿದು ಎಳೆದುಕೊಂಡು ಬಂದೆ. ಪುಲ್ಲಿ ತೋರಿಸಿದೆ, ಪಿಸ್ಟನ್ ತೋರಿಸಿದೆ. ಗಾಜಿನವನ ಎದುರಿಗೇ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ: "ನೀನು ಹೇಳಿದ್ದೇ ಸರಿ ಅಪ್ಪ! ಕಿಡಿ ಬೇಗ ಬೀಳ್ತಿತ್ತು. ನಂದೇ ತಪ್ಪು!"

ಅಪ್ಪ ಉಗುರಿನಿಂದ ರಬ್ಬರನ್ನು ಕೆರೆದು ನೋಡಿದ. "ಜಾರಿದೆ" ಎಂದ. "ಯಾರ ಕೈಲಾದ್ರೂ ಹೀಗೇ ಆಗ್ತಿತ್ತು. ಬೇಜಾರು ಮಾಡ್ಕೋಬೇಡ."

"ನನ್ನ ಬೇಜಾರು ಹಾಳಾಗ್ಲಿ! ನಿಂಗೆ ಕೇಳಿಸಿತ್ತಲ್ಲ ಅಪ್ಪ. ನಮಗ್ಯಾರಿಗೂ ಕೇಳಿಸ್ದೇ ಇದ್ದದ್ದು."

"ಹೌದು ಮೇಸ್ತ್ರಿ, ಅವತ್ತೇ ಹೇಳಿದ್ರಲ್ಲ ನೀವು" ಎಂದ ಗಾಜಿನವನು.

ಅಪ್ಪ ತಲೆಯಲ್ಲಾಡಿಸಿದ. "ಕುರುಡು ಏಟು ಕಣೆ. ಏನೋ ಅಂದೆ, ಬಿತ್ತು ಅಷ್ಟೆ. ನಾನೂ ಆಮೇಲೆ ಪರೀಕ್ಷೆ ಮಾಡ್ದೆ. ಆ ಕುಟ್ಟೋ ಸದ್ದು ಗಾಡಿ ಆರಿಸಿದ ಮೇಲೂ ನಂಗೆ ಕೇಳಿಸ್ತಿತ್ತು. ಮನೇಲಿ ಊಟಕ್ಕೆ ಕೂತಾಗ್ಲೂ ಕೇಳಿಸ್ತಿತ್ತು. ಈಗ ಗಾಡಿ ಸತ್ತು ಬಿದ್ದಿದೆ, ಈಗಲೂ ಕೇಳಿಸ್ತಿದೆ. ಇಂಜಿನ್ ಯಾವುದು, ಕಿವಿ ಯಾವುದು ಅಂತ ಗೊತ್ತಾಗದವನ ಮಾತು ಏನು ಮಾತು? ನೀನಂದಿದ್ದೇ ನಿಜ."

ಇಷ್ಟು ಹೇಳಿ ಅವನು ಬೋಲ್ಟಿನ ಡಬ್ಬಿಗಳ ಕಡೆ ಹೋದ. ನಾನು ಹಿಂದಿನಿಂದ ಕೂಗಿದೆ, ಬೈದೆ, ಕೊನೆಗೆ ಅತ್ತೇಬಿಟ್ಟೆ. ಅಳುವುದು ನೋಡಿ ಅವನಿಗೆ ನನ್ನ ಮೇಲೆ ಕನಿಕರ ಬಂತೇ ಹೊರತು ತನ್ನ ಮೇಲೆ ನಂಬಿಕೆ ಬರಲಿಲ್ಲ. ಅಪ್ಪನ ಮನಸ್ಸು ಕಾಯಲು ಮಗಳು ಸುಳ್ಳು ಹೇಳುತ್ತಿದ್ದಾಳೆ ಎಂದು ಅಮ್ಮನ ಹತ್ತಿರ ಹೇಳಿಕೊಂಡನಂತೆ. "ಒಳ್ಳೆ ಹುಡುಗಿ" ಎಂದೂ ಅಂದನಂತೆ.

ಬೇರೆ ಗಾಡಿಗಳಲ್ಲಿ ಪ್ರಯತ್ನಿಸಿದೆ. ಇದು ಹೇಗಿದೆ ಅಪ್ಪ, ಅದು ಹೇಗಿದೆ ಅಪ್ಪ ಎಂದು ಕೇಳಿದ್ದೇ ಕೇಳಿದ್ದು. ಎಲ್ಲವೂ ಅವನಿಗೆ ಚೆನ್ನಾಗಿಯೇ ಇದ್ದವು. ಕಡೆಗೊಂದು ದಿನ ಹಟ ಹಿಡಿದು, ನಮ್ಮದೇ ಹಳೆಯ ವ್ಯಾನಿನ ಡಿಸ್ಟ್ರಿಬ್ಯೂಟರನ್ನು ಬೇಕೆಂದೇ ಕಿಡಿ ಬೇಗ ಬೀಳುವ ಹಾಗೆ ತಿರುಗಿಸಿ ಬಿಗಿದೆ. ವ್ಯಾನು ಹಾಳಾದರೆ ಹಾಳಾಗಲಿ. ಒಂದೇ ಒಂದು ಸಲ ಅವನ ಬಾಯಿಂದ "ಬೇಗ" ಎಂಬ ಮಾತು ಬಂದರೆ ಸಾಕು, ಗಾಡಿ ನಿಲ್ಲಿಸಿ, ಬಾನೆಟ್ ತೆರೆದು ತೋರಿಸಬಹುದು ಎಂಬ ಆಸೆ.

ಸೇತುವೆಯ ಏರಿನಲ್ಲಿ ಮೇಲಿನ ಗೇರಿಗೆ ಹಾಕಿ ಎಕ್ಸಲರೇಟರ್ ಒತ್ತಿದೆ. ಇಂಜಿನ್ನು ಕಟಕಟನೆ ಕುಟ್ಟತೊಡಗಿತು. ಈ ಸಲ ಗಡಗಡ ಎನ್ನುವ ಚೌಕಟ್ಟೂ ಇರಲಿಲ್ಲ. ರಸ್ತೆ ಬದಿ ನಡೆದು ಹೋಗುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ಪಕ್ಕದಲ್ಲಿ ಕೂತಿದ್ದ ಅಪ್ಪನ ಹುಬ್ಬು ಗಂಟಾಯಿತು. ಬಾಯಿ ತೆರೆದ. ಅವನಿಗೆ ಕೇಳಿಸಿತ್ತು, ಆಣೆ ಮಾಡಿ ಹೇಳುತ್ತೇನೆ, ಕೇಳಿಸಿತ್ತು.

"ಹೇಳಪ್ಪ, ಹೇಗಿದೆ?"

ಅವನು ಬಾನೆಟ್ಟಿನ ಕಡೆ ನೋಡಲಿಲ್ಲ. ನನ್ನ ಮುಖ ನೋಡಿದ.

"ಟೈಮಿಂಗ್ ಇಟ್ಟಿದ್ದು ನೀನೇ ತಾನೆ?"

"ಹೂಂ, ನಾನೇ."

"ಹಾಗಾದ್ರೆ ಸರಿಯಾಗೇ ಇರುತ್ತೆ ಬಿಡು" ಎಂದು ಅಪ್ಪ ಕಿಟಕಿಯ ಕಡೆ ತಿರುಗಿ ಕೂತ.