ಮುಖ ಕೊಡದ ಆಯ್ಲಾ

ಆಯ್ಲಾ ಕೆಟ್ಟುನೆನ್ ಯಾರಿಗೂ ಮುಖ ಕೊಟ್ಟು ಮಾತನಾಡುತ್ತಿರಲಿಲ್ಲ. ಡುಲೂತ್ ಊರಿನ ಏರಿನ ಮೇಲಿರುವ ನಮ್ಮ ಆಸ್ಪತ್ರೆಯ ನೆಲಮಾಳಿಗೆಯ ಔಷಧಾಲಯದಲ್ಲಿ ಇಪ್ಪತ್ತಾರು ವರ್ಷ ದುಡಿದ ಈ ಹೆಂಗಸು, ಬೂದುಬಣ್ಣದ ಉಣ್ಣೆಯ ಕೋಟೊಂದನ್ನು ಜುಲೈ ತಿಂಗಳಲ್ಲೂ ಬಿಡದೆ ತೊಟ್ಟು, ಗೋಡೆಗೆ ಭುಜ ತಾಗುವಷ್ಟು ಅಂಚಿನಲ್ಲಿ, ರೈಲು ತಪ್ಪಿಹೋಗುವವರ ಅವಸರದಲ್ಲಿ ನಡೆಯುತ್ತಿದ್ದಳು. ಲಿಫ್ಟಿನಲ್ಲಿ ಏಳನೆಯ ಮಹಡಿಯ ನರ್ಸುಗಳು ಯಾರಾದರೂ ಕಂಡರೆ ಹತ್ತುತ್ತಲೇ ಇರಲಿಲ್ಲ. ಕೇಳಿದ್ದಕ್ಕೆಲ್ಲ ಅವಳದು ಒಂದೇ ಉತ್ತರ, “ಇರಬಹುದು.” ಒಮ್ಮೆ ತಲೆಯ ಮೇಲೂ ಭುಜಗಳ ಮೇಲೂ ಹಿಮ ಹೊತ್ತು ಒಳಗೆ ಬಂದವಳನ್ನು, ಹೊರಗೆ ಹಿಮ ಬೀಳುತ್ತಿದೆಯೇ ಎಂದು ನಾನು ಕೇಳಿದ್ದಕ್ಕೂ ಇರಬಹುದು ಎಂದೇ ಹೇಳಿ ಹೊರಟುಹೋದಳು.

ಏಳನೆಯ ಮಹಡಿ ನಮ್ಮದು. ಎದೆ ತೆರೆದು ಶ್ವಾಸಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ವಾರ್ಡು. ಪಕ್ಕೆಲುಬುಗಳನ್ನು ಅಗಲಿಸಿದ ಗಾಯದ ನೋವು ಎಂಥದೆಂದರೆ ರೋಗಿ ಕೆಮ್ಮಲು ಹೆದರುತ್ತಾನೆ. ಕೆಮ್ಮದಿದ್ದರೆ ಕಫ ಕಟ್ಟುತ್ತದೆ, ಕಫ ಕಟ್ಟಿದರೆ ಜ್ವರ, ಆಮೇಲೆ ಉಳಿದ ಶ್ವಾಸಕೋಶವೂ ಕೈಕೊಡಬಹುದು. ಈ ನೋವಿಗೆ ಮಾರ್ಫಿನ್ ಮೇಲೋ ಆಕ್ಸಿಕೊಡೋನ್ ಮೇಲೋ ಎಂದು ಹೋಲಿಸಿ ನೋಡುವ ಪ್ರಯೋಗವೊಂದು ಎರಡು ವರ್ಷದಿಂದ ನಡೆದಿತ್ತು. ಎರಡೂ ನೀರಿನಷ್ಟೇ ತಿಳಿ. ಯಾರ ಸಿರಿಂಜಿನಲ್ಲಿ ಯಾವುದಿದೆ ಎಂಬುದು ರೋಗಿಗೆ ತಿಳಿಯದು, ನಮಗೆ ತಿಳಿಯದು, ಶಸ್ತ್ರವೈದ್ಯ ಲಿಂಡ್‌ಹೋಮರಿಗೂ ತಿಳಿಯದು. ತುಂಬಿ ಕಳಿಸುವ ಆಯ್ಲಾಳಿಗೆ ಮಾತ್ರ ಗೊತ್ತು. ತನ್ನ ಮುಖದ ಒಂದು ಗೆರೆ ಮಿಸುಕಿದರೂ ನಾವು ಊಹಿಸಿಬಿಡುತ್ತೇವೆ, ಊಹಿಸಿದವರು ನೋವನ್ನು ವಿಚಾರಿಸುವ ದನಿಯೇ ಬೇರೆಯಾಗುತ್ತದೆ ಎಂಬುದು ಅವಳ ಭಯ. ಆ ಭಯಕ್ಕೆ ಆಧಾರವೂ ಇತ್ತು. ನಾವು ಮಾರ್ಫಿನ್ ಪಕ್ಷ, ಆಕ್ಸಿಕೊಡೋನ್ ಪಕ್ಷ ಎಂದು ಎರಡಾಗಿ, ಯಾರಾದರೂ ವಾಂತಿ ಮಾಡಿಕೊಂಡರೆ ಅದು ನಿಮ್ಮ ಔಷಧದ ಪ್ರತಾಪ ಎಂದು ಒಬ್ಬರ ಮೇಲೊಬ್ಬರು ಹಾಕಿ ಕಿತ್ತಾಡುತ್ತಿದ್ದೆವು.

ಇಂಥವಳ ಅಣ್ಣ ರೈನೋ, ಅದಿರು ಸಾಗಿಸುವ ಹಡಗುಗಳಲ್ಲಿ ಮೂವತ್ತು ವರ್ಷ ಚುಕ್ಕಾಣಿ ಹಿಡಿದವನು, ಆ ಮಾರ್ಚಿನಲ್ಲಿ ಬಲ ಶ್ವಾಸಕೋಶದ ಒಂದು ಭಾಗ ತೆಗೆಸಿಕೊಳ್ಳಲು ನಮ್ಮಲ್ಲಿಗೆ ಬಂದು, ತಂಗಿಗೆ ಒಂದು ಮಾತೂ ತಿಳಿಸದೆ ಪ್ರಯೋಗದ ಕಾಗದಕ್ಕೆ ಸಹಿ ಹಾಕಿಬಿಟ್ಟ. ಆಯ್ಲಾ ಪ್ರಯೋಗದವರು ಮೊದಲೇ ಮುಚ್ಚಿಟ್ಟಿದ್ದ ಲಕೋಟೆಗಳಲ್ಲಿ ಸರದಿಯದನ್ನು ಒಡೆದು, ಕೊಡಬೇಕಾದ್ದು ಯಾವುದೆಂದು ಓದಿ, ಸಿರಿಂಜು ತುಂಬಿ, ಕಡೆಯಲ್ಲಿ ಹೆಸರಿನ ಚೀಟಿ ಅಂಟಿಸುವಾಗ ಅದು ಯಾರಿಗೆಂದು ಕಂಡಳು. ಕೂಡಲೇ ಲಿಂಡ್‌ಹೋಮರಿಗೆ ಫೋನು ಮಾಡಿ ಅಣ್ಣನ ಪಾಲಿನ ಕೆಲಸವನ್ನು ಸಹೋದ್ಯೋಗಿಗೆ ಒಪ್ಪಿಸಿದಳು. ಆದರೆ ತಿಳಿದದ್ದನ್ನು ಯಾರಿಗೆ ಒಪ್ಪಿಸುವುದು? ಎರಡು ದಿನ ಅವಳು ಊಟದ ಹೊತ್ತಿನಲ್ಲಿ ಉಣ್ಣದೆ, ಕುಳಿತಲ್ಲಿ ಕೂರಲಾರದೆ, ನೆಲಮಾಳಿಗೆಯ ಓಣಿಯನ್ನು ಈ ತುದಿಯಿಂದ ಆ ತುದಿಗೆ ಅಳೆಯುತ್ತಿದ್ದಳಂತೆ.

ರೈನೋ ಮಾತ್ರ ನಿಶ್ಚಿಂತ. ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಎಂದು ಕೇಳಿದಾಗಲೆಲ್ಲ, ಹಣೆಯಲ್ಲಿ ಬೆವರು ಹನಿಯುತ್ತಿದ್ದರೂ, ಒಂದು ಎನ್ನುತ್ತಿದ್ದ. “ಬೇಕಾದ್ರೆ ಸೊನ್ನೇನೇ ಬರ್ಕೊಳಮ್ಮ, ನಂದೇನೂ ಅಡ್ಡಿಯಿಲ್ಲ.” ಬರೆದುಕೊಂಡವಳು ನಾನೇ. ಫಿನ್‌ಲ್ಯಾಂಡ್ ಮೂಲದ ಈ ಮುದುಕರು ನೋವನ್ನು ಒಪ್ಪಿಕೊಳ್ಳುವ ಪೈಕಿಯವರಲ್ಲ ಎಂದು ನಕ್ಕು ಮುಂದಿನ ಹಾಸಿಗೆಗೆ ಹೋದೆ. ಆ ನಗುವಿಗೆ ಇವತ್ತಿಗೂ ನನಗೆ ನಾಚಿಕೆಯಿದೆ. ನೋವೆನಿಸಿದಾಗ ತಾನೇ ಒತ್ತಿ ಸಿರಿಂಜಿನ ಔಷಧ ಇಳಿಸಿಕೊಳ್ಳಲೆಂದು ಕೊಟ್ಟಿದ್ದ ಗುಂಡಿಯನ್ನು ಅವನು ದಿಂಬಿನ ಅಡಿಗೆ ತುರುಕಿದ್ದ.

ಶಸ್ತ್ರಚಿಕಿತ್ಸೆಯಾದ ಮೂರನೆಯ ಬೆಳಿಗ್ಗೆ ಔಷಧಾಲಯಕ್ಕೆ ಎರಡು ವಸ್ತುಗಳು ಒಟ್ಟಿಗೇ ತಲುಪಿದವು: ಹೊಸದನ್ನು ಹಾಕುವಾಗ ಹೆಚ್ಚುಕಡಿಮೆ ತುಂಬಿದಂತೆಯೇ ವಾಪಸಾದ ರೈನೋನ ಸಿರಿಂಜು, ಮತ್ತು ಅವನಿಗೇರಿದ ಜ್ವರಕ್ಕೆ ಬರೆದ ಚೀಟಿ. ಲಿಂಡ್‌ಹೋಮರ ಅನುಮತಿ ಪಡೆದು, ಎರಡು ವರ್ಷಗಳಲ್ಲಿ ಮೊದಲ ಸಲ, ಆಯ್ಲಾ ನಮ್ಮ ಮಹಡಿಗೆ ಮೆಟ್ಟಿಲು ಹತ್ತಿಕೊಂಡೇ ಬಂದಳು. ಏದುಸಿರು ಬಿಡುತ್ತ, ಕೋಟಿನ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡು ಬಾಗಿಲಲ್ಲಿ ನಿಂತವಳನ್ನು ಕಂಡು ರೈನೋ ಮೆಲ್ಲಗೆ, ಎದೆ ಅಲುಗದಂತೆ, ನಕ್ಕ.

“ಬಂದ್ಯಾ? ನೋಡು, ಒಂದ್ಸಲಾನೂ ಒಂದು ದಾಟಿಲ್ಲ ನಾನು. ಗುಂಡೀನೂ ಮುಟ್ಟಿಲ್ಲ. ನಿನ್ ಔಷಧಿ ಪಾಸು.”

ಆಗ ನನಗೆ ಅರ್ಥವಾಯಿತು. ಈ ಪುಣ್ಯಾತ್ಮ ಪ್ರಯೋಗವನ್ನು ತಂಗಿಯ ಪರೀಕ್ಷೆಯೆಂದು ತಿಳಿದು, ಉಸಿರಿಗೊಮ್ಮೆ ಪಕ್ಕೆ ಇರಿಯುತ್ತಿದ್ದರೂ ಹಲ್ಲು ಕಚ್ಚಿಕೊಂಡು ಅವಳಿಗೆ ಒಳ್ಳೆಯ ಅಂಕ ಕೊಡಿಸುತ್ತಿದ್ದ.

“ಪರೀಕ್ಷೆ ನಂದಲ್ಲ ಅಣ್ಣಾ, ಔಷಧಿದು,” ಎಂದಳು ಆಯ್ಲಾ. ಇರಬಹುದು ಎನ್ನುವ ದನಿ ಅದಾಗಿರಲಿಲ್ಲ. “ನೀನು ಸುಳ್ಳು ಹೇಳಿದ್ರೆ, ನಾಳೆ ಈ ಹಾಸಿಗೇಲಿ ಮಲಗೋರು ಆ ಸುಳ್ಳನ್ನ ಅನುಭವಿಸ್ಬೇಕು. ಅವರ ಮಾತು ಹಾಳಾಗ್ಲಿ, ನೀನೇ ಸಾಯ್ತೀಯ.”

ರೈನೋ, ತನಗೆ ಕೊಟ್ಟದ್ದು ಯಾವುದೆಂದಾದರೂ ಹೇಳು ಎಂದ. ಅದು ಬಲವಾದದ್ದೋ ಅಲ್ಲವೋ ತಿಳಿದರೆ ಧೈರ್ಯವಾಗುತ್ತದೆಂದು, ಮಗುವಿನಂತೆ, ತಂಗಿಯ ಮುಖವನ್ನೇ ಹುಡುಕಿದ.

“ನನ್ ಮುಖ ನೋಡ್ಬೇಡ. ಕೆಮ್ಮು.”

ಹಾಗೆಂದವಳು ಕಿಟಕಿಯ ಕಡೆಗೆ ತಿರುಗಿ ನಿಂತುಬಿಟ್ಟಳು. ನಾನು ಗಾಯ ಅಲುಗದಂತೆ ಇನ್ನೊಂದು ದಿಂಬನ್ನು ರೈನೋನ ಎದೆಗೆ ಒತ್ತಿ ಹಿಡಿದೆ. ಅವನು ಕೆಮ್ಮಿದ, ಮತ್ತೆ ಕೆಮ್ಮಿದ, ಮೂರನೆಯದಕ್ಕೆ ಅವನ ಬಾಯಿಂದ ಹೊರಟದ್ದು ಕೆಮ್ಮಲ್ಲ, ಎರಡು ದಿನದಿಂದ ಒಳಗೆ ಕಟ್ಟಿಹಾಕಿದ್ದ ನರಳಾಟ. ಎಷ್ಟು ಎಂದು ಕೇಳಿದೆ.

“ಒಂಬತ್ತು,” ಎಂದು ಅಳುತ್ತ, ತಲೆದಿಂಬಿನಡಿ ತಡಕಾಡಿ ತಾನೇ ಗುಂಡಿ ಒತ್ತಿದ. ಆಯ್ಲಾ ತಿರುಗಲಿಲ್ಲ. ಕಿಟಕಿಯ ಕಟ್ಟೆಯನ್ನು ಹಿಡಿದ ಅವಳ ಬೆರಳುಗಳು ಬಿಳಿಚಿದ್ದನ್ನು ನಾನೊಬ್ಬಳೇ ಕಂಡೆ.

ಜ್ವರ ಐದನೆಯ ದಿನ ಇಳಿಯಿತು. ರೈನೋನ ಅಂಕಿಗಳನ್ನು ಪ್ರಯೋಗದಿಂದ ಕೈಬಿಟ್ಟರೆಂದು ಹೇಳಿದಾಗ ಅವನು, ಹಾಗಾದರೆ ನನ್ನನ್ನು ಫೇಲು ಮಾಡಿದರೇ ಎಂದು ಕೊರಗಿದ. ಅವನಿಗೆ ಕೊಟ್ಟದ್ದು ಯಾವುದೆಂದು, ಪ್ರಯೋಗ ಮುಗಿಯುವ ತನಕ ಆಯ್ಲಾ ಬಾಯಿಬಿಡಲಿಲ್ಲ.

ತಿಳಿದದ್ದನ್ನು ಹೇಳಿಕೊಂಡು ಹಗುರಾಗುವ ನಮ್ಮಂಥವರ ನಡುವೆ, ತಿಳಿದೂ ಹೇಳಲಾಗದ ಭಾರವನ್ನು ಹೊತ್ತು, ಕಲ್ಲುಮನಸ್ಸಿನವರೆಂಬ ಹೆಸರನ್ನೂ ಹೊತ್ತು ಓಡಾಡುವ ಕೆಲವರಿರುತ್ತಾರೆ. ಅವರ ಪ್ರೀತಿ ಹಾಸಿಗೆಯ ಪಕ್ಕದಲ್ಲಿ ಕೈಹಿಡಿದು ಕೂರುವುದಿಲ್ಲ. ನರಳುವವನು ತನ್ನ ನೋವನ್ನು ತಾನೇ, ಇದ್ದಷ್ಟೇ ಹೇಳಲಿ ಎಂದು, ಓಡಿಹೋಗಿ ತಬ್ಬಿಕೊಳ್ಳುವ ಆಸೆಯನ್ನು ನುಂಗಿ, ಬೆನ್ನು ತಿರುಗಿಸಿ ನಿಂತಿರುತ್ತದೆ.